ಈ ಕಡೆಯ ಮೂರು ಫ್ಯೂಜು

ಈಗ ನಮ್ಮ ಊರಲ್ಲಿ ಲೈನ್‌ಮನ್ ಕಂಬ ಹತ್ತಬೇಕಾದರೆ ಎರಡು ರಾಜ್ಯಗಳಿಗೆ ಫೋನ್ ಹೋಗುತ್ತದೆ. ಮೊದಲು ನಮ್ಮ ಕರೆಂಟಿನ ಸ್ಟೇಷನ್ನಿಗೆ, ಆಮೇಲೆ ಗಡಿಯಾಚೆಯ ಮಹಾರಾಷ್ಟ್ರದ ಸ್ಟೇಷನ್ನಿಗೆ. ಎರಡೂ ಕಡೆಯಿಂದ ಲೈನ್ ಬಂದ್ ಆಗಿದೆ ಅಂತ ಮಾತು ಬಂದ ಮೇಲೇ ಅವನು ಕಂಬಕ್ಕೆ ಕಾಲಿಡುತ್ತಾನೆ. ಇಳಿದ ಮೇಲೆ ಮತ್ತೆ ಎರಡು ಫೋನು. ಕಾಗವಾಡಕ್ಕೆ ಬಂದಿದ್ದ ದೊಡ್ಡ ಅಧಿಕಾರಿಯೊಬ್ಬರು ಇದನ್ನು ಎರಡು ರಾಜ್ಯಗಳ ಸಹಕಾರದ ಮಾದರಿ ಎಂದು ಭಾಷಣದಲ್ಲಿ ಹೊಗಳಿದರು. ಪಂಚಾಯಿತಿ ಮೆಂಬರ್ ಅಂತ ನನ್ನನ್ನು ಮುಂದಿನ ಸಾಲಿನಲ್ಲೇ ಕೂರಿಸಿದ್ದರು. ಎಲ್ಲರೂ ಚಪ್ಪಾಳೆ ತಟ್ಟಿದರು, ನನಗೆ ಕೈ ಏಳಲಿಲ್ಲ. ಆ ನಿಯಮ ಯಾವ ಅಧಿಕಾರಿಯ ತಲೆಯಿಂದಲೂ ಬಂದದ್ದಲ್ಲ, ನನ್ನ ಕೈಯಿಂದ ಆದ ಅನಾಹುತದಿಂದ ಬಂದದ್ದು. ಊರಿಗೆಲ್ಲ ಗೊತ್ತಿರುವ ಸಂಗತಿ, ಬರೆಯಲು ಮಾತ್ರ ಇಷ್ಟು ದಿನ ಬೇಕಾಯಿತು.

ನಮ್ಮದು ದ್ರಾಕ್ಷಿ ತೋಟ. ಅರ್ಧ ಕರ್ನಾಟಕದಲ್ಲಿ, ಅರ್ಧ ಮಹಾರಾಷ್ಟ್ರದಲ್ಲಿ. ಗಡಿ ಎಂದರೆ ದೂರದವರು ಏನೇನೋ ಅಂದುಕೊಳ್ಳುತ್ತಾರೆ. ನಮ್ಮ ತೋಟದಲ್ಲಿ ಅದು ಎರಡು ಸಾಲು ಬಳ್ಳಿಗಳ ನಡುವಿನ ಒಂದು ಕಲ್ಲು, ಆಳುಗಳು ಅದರ ಮೇಲೆ ಊಟದ ಡಬ್ಬಿ ಇಡುತ್ತಾರೆ. ನನ್ನ ತವರು ಮಿರಜದ ಕಡೆ. ಕಲಿತದ್ದು ಮರಾಠಿ ಸಾಲೆಯಲ್ಲಿ, ಸಂಸಾರ ಮಾಡಿದ್ದು ಕನ್ನಡದಲ್ಲಿ. ಎರಡೂ ಭಾಷೆಯಲ್ಲಿ ಜಗಳ ಆಡಬಲ್ಲೆ ಅಂತ ನನಗೊಂದು ಜಂಬ ಇತ್ತು. ನನ್ನ ಯಜಮಾನರು ಮಾತು ಕಡಿಮೆ. ಮನೆಯಲ್ಲಿ ಇಬ್ಬರ ಪಾಲಿನ ಮಾತನ್ನೂ ನಾನೇ ಆಡಿ ಮುಗಿಸುತ್ತೇನೆ.

ಬಾವಿ ಆ ಕಲ್ಲಿನ ಪಕ್ಕದಲ್ಲೇ ಇದೆ. ಎರಡು ಕಡೆ ಹೊಲ ಇರುವುದರಿಂದ ಎರಡು ಮೀಟರು, ಎರಡು ರಾಜ್ಯದ ತಂತಿ, ಮೋಟಾರು ಮಾತ್ರ ಒಂದು. ನಮ್ಮ ಕಡೆ ಕರೆಂಟು ಹೋದರೆ ಆ ಕಡೆಯದು, ಆ ಕಡೆ ಹೋದರೆ ಈ ಕಡೆಯದು. ಗಡಿಯ ಮೇಲಿನ ಬಾವಿಗಳಲ್ಲೆಲ್ಲ ಇದೇ ಪದ್ಧತಿ. ರಾಯಬಾಗ, ಅಥಣಿ ಕಡೆಯ ನೆಂಟರು ಬಂದಾಗ ಹೊಟ್ಟೆ ಉರಿದುಕೊಳ್ಳುತ್ತಿದ್ದರು: “ನಿಮಗೇನ್ರಿ, ಎರಡ ಸರಕಾರ ಕೂಡಿ ನೀರ ಎತ್ತತಾವ!” ಹೌದು, ಎರಡು ಸರಕಾರ ನಮ್ಮ ಬಾವಿಯಲ್ಲಿ ಕೂಡುತ್ತಿದ್ದವು, ಬೇರೆಲ್ಲೂ ಕೂಡುತ್ತಿರಲಿಲ್ಲ. ನಮ್ಮ ಸ್ಟೇಷನ್ನಿನವರ ಹತ್ತಿರ ಆ ಸ್ಟೇಷನ್ನಿನ ನಂಬರು ಇರಲಿಲ್ಲ. ಮಳೆಗಾಲದಲ್ಲಿ ಮೇಲಿನ ಅಣೆಕಟ್ಟಿನಿಂದ ಕೃಷ್ಣೆಗೆ ನೀರು ಬಿಟ್ಟ ಸುದ್ದಿ ಕೂಡ ನನಗೆ ಮೊದಲು ಬರುವುದು ತವರಿನ ಫೋನಿನಿಂದ.

ಪಂಪಿನ ಕೋಣೆಯಲ್ಲಿ ಒಂದು ಕಬ್ಬಿಣದ ಹಿಡಿಕೆ ಇತ್ತು. ಮೇಲೆತ್ತಿದರೆ ಕರ್ನಾಟಕ, ಕೆಳಗೆಳೆದರೆ ಮಹಾರಾಷ್ಟ್ರ, ಎರಡೂ ಒಟ್ಟಿಗೆ ಕೂಡುವ ಮಾತೇ ಇಲ್ಲ. ಆ ಬೇಸಿಗೆಯಲ್ಲಿ ಅದು ಸುಟ್ಟು ಹೋಯಿತು. ಸಾಂಗಲಿಗೆ ಹೋದಾಗ ಹೊಸದು ತಂದರಾಯಿತು ಅಂತ ಯಜಮಾನರು, ಇವತ್ತು ತರುತ್ತಾರೆ ನಾಳೆ ತರುತ್ತಾರೆ ಅಂತ ನಾನು. ಅಲ್ಲಿಯವರೆಗೆ ಕೈಯಿಂದಲೇ ನಡೆಸಿದೆವು. ಗೋಡೆಯ ಮೇಲೆ ಎರಡೂ ಕಡೆಗೆ ಮೂರು ಮೂರು ಫ್ಯೂಜು. ಈ ಕಡೆಯ ಮೂರು ಕಿತ್ತು, ಆ ಕಡೆಯ ಮೂರು ಹಾಕಬೇಕು. ಒಮ್ಮೆ ಕೀಳುವುದು ಮರೆತು ಹಾಕಿದಾಗ ಅವರ ಕರೆಂಟು ನಮ್ಮ ತಂತಿಗೆ ಹರಿದು, ಬಂದ್ ಆಗಿದ್ದ ಲೈನಿನಲ್ಲಿ ಪಕ್ಕದ ಹೊಲದ ಮನೆಯ ಬಲ್ಬು ಹತ್ತಿತು. “ಏ, ಮಹಾರಾಷ್ಟ್ರ ಬಂತಲೇ ಮನಿಗೆ!” ಅಂತ ಅವರು ನಕ್ಕರು, ನಾವೂ ನಕ್ಕೆವು. ಎಂಥ ನಗು ಅದು!

ನಮ್ಮ ಕಡೆಯ ಲೈನ್‌ಮನ್ ಮೂವತ್ತರ ಆಸುಪಾಸಿನ ಹುಡುಗಾಟದ ಮನುಷ್ಯ. ನನ್ನನ್ನು ಅಕ್ಕಾರ ಅನ್ನುತ್ತಿದ್ದ. ನಾನು ಬೈದಷ್ಟೂ ನಗುತ್ತಿದ್ದ, ಅವನು ನಕ್ಕಷ್ಟೂ ನಾನು ಬೈಯುತ್ತಿದ್ದೆ. ದೀಪಾವಳಿ ಮುಗಿದ ಮೇಲಿನ ಒಂದು ಮುಂಜಾನೆ ಅವನು ಬಂದಾಗ ನಾನು ತೋಟದಲ್ಲಿ ತಲೆ ಮೇಲೆ ಕೈಯಿಟ್ಟು ನಿಂತಿದ್ದೆ. ಚಾಟಣಿ ಮಾಡಿ ಕಡ್ಡಿ ಕತ್ತರಿಸಿದ ಬಳ್ಳಿ ಚಿಗುರಿತ್ತು, ಮೇಲೆ ದಟ್ಟ ಮಂಜು ಬಿದ್ದಿತ್ತು. ಮಂಜು ಬಿದ್ದ ದಿನ ಔಷಧ ಹೊಡೆಯದಿದ್ದರೆ ಎಲೆಗೆ ದಾವಣಿ ರೋಗ ಹತ್ತಿ ವರ್ಷದ ಬೆಳೆ ಹೋಗುತ್ತದೆ. ಔಷಧ ಕಲಸಲು ಟ್ಯಾಂಕಿನಲ್ಲಿ ನೀರಿರಲಿಲ್ಲ.

“ಅಕ್ಕಾರ, ಲೈನ್ ಬಂದ್ ಮಾಡಿಸೇನ್ರಿ. ಕಂಬದ ಮ್ಯಾಲ ಕೆಲಸ ಐತಿ. ಒಂದ ತಾಸ್ ಕರೆಂಟ್ ಬರಂಗಿಲ್ಲ” ಅಂದ.

“ಒಂದ ತಾಸ? ನನ್ನ ಗಿಡಕ್ಕ ದಾವಣಿ ಬಡೀತಂದ್ರ ನಿಮ್ಮ ಸಾಹೇಬ ಬಂದು ಔಷಧ ಹೊಡೀತಾನೇನೋ?”

“ಬೇಕಾದ್ರ ನೀವ ಹತ್ರಿ ಕಂಬಾ, ನಾ ಔಷಧ ಹೊಡೀತೀನಿ” ಅಂತ ನಕ್ಕ. ಬೈಯುತ್ತಲೇ ಚಹಾ ಕೊಟ್ಟೆ. ಕುಡಿದು, ಲೋಟ ತಾನೇ ತೊಳೆದಿಟ್ಟು ಹೋದ. ಪಂಪಿನ ಕೋಣೆಯಿಂದ ನಾಲ್ಕನೆಯ ಕಂಬ. ಅವನು ಹತ್ತುವುದನ್ನು ನಾನು ಕಣ್ಣಾರೆ ನೋಡಿದೆ. ಅರ್ಧಕ್ಕೆ ಹೋದ ಮೇಲೆ ಮಂಜಿನಲ್ಲಿ ಕಾಣಲಿಲ್ಲ.

ಆಗ ನಾನು ಆಚೆಯ ಲೈನ್‌ಮನ್‌ಗೆ ಫೋನ್ ಹಚ್ಚಿದೆ. ಅವನು ನನ್ನ ತವರಿನ ಕಡೆಯವನು, ನನ್ನನ್ನು ವಹಿನಿ, ಅಂದರೆ ಅತ್ತಿಗೆ, ಅನ್ನುತ್ತಾನೆ. ಆ ವಾರ ಅವರ ಕರೆಂಟಿನ ಪಾಳಿ ಮಧ್ಯಾಹ್ನಕ್ಕಿತ್ತು. ಗೋಗರೆದೆ. “ಅರ್ಧಾ ತಾಸ ದೇತೋ, ವಹಿನಿ. ಲವಕರ ಭರೂನ ಘ್ಯಾ” ಅಂದ. ಅರ್ಧ ತಾಸು ಕೊಡ್ತೀನಿ, ಬೇಗ ತುಂಬಿಕೊಳ್ಳಿ ಅಂತ. ನಮ್ಮವನು ಕಂಬದ ಮೇಲಿದ್ದಾನೆ ಅಂತ ನಾನು ಅವನಿಗೆ ಹೇಳಲಿಲ್ಲ. ಮುಚ್ಚಿಟ್ಟದ್ದಲ್ಲ, ಹೇಳಬೇಕು ಅಂತಲೇ ಹೊಳೆಯಲಿಲ್ಲ. ಅದು ಆ ರಾಜ್ಯದ ಕರೆಂಟು, ಇದು ಈ ರಾಜ್ಯದ ಕಂಬ.

ಕೋಣೆಗೆ ಓಡಿ ಹೋಗಿ ಆ ಕಡೆಯ ಮೂರು ಫ್ಯೂಜು ಹಾಕಿದೆ. ಒಂದು, ಎರಡು, ಮೂರು.

ಹೊರಗಿನಿಂದ ಒಂದು ಕೂಗು ಬಂತು. ಮನುಷ್ಯನದು ಅಂತ ಅನ್ನಿಸಲೇ ಇಲ್ಲ. ಗೋಡೆ ನೋಡಿದೆ. ಈ ಕಡೆಯ ಮೂರೂ ಇದ್ದಲ್ಲೇ ಇದ್ದವು. ಅಯ್ಯೋ ದೇವರೇ! ನಾನು ಚೀರಲಿಲ್ಲ, ಓಡಲಿಲ್ಲ. ಮೊದಲು ಆ ಕಡೆಯ ಮೂರು ಕಿತ್ತೆ. ಅದರಿಂದಲೇ ಅವನ ಜೀವ ಉಳಿಯಿತು ಅಂತ ಮುಂದೆ ಡಾಕ್ಟರು ಅಂದದ್ದುಂಟು. ಆದರೆ ಅವನ್ನು ಅಲ್ಲೇ ಬಿಡಲಿಲ್ಲ, ನೋಡಿ. ಸೀರೆಯ ಸೆರಗಿನಲ್ಲಿ ಒರೆಸಿ, ಯಾರೂ ಹಾಕಿಯೇ ಇರಲಿಲ್ಲ ಅನ್ನುವ ಹಾಗೆ ಗೂಡಿನಲ್ಲಿ ಸಾಲಾಗಿ ಇಟ್ಟೆ. ಆಮೇಲೆ ಹೊರಗೆ ಬಂದು ಕೂಗಿದೆ. ಅಷ್ಟು ಹೊತ್ತಿನಲ್ಲಿ ನನ್ನ ತಲೆ ಅಷ್ಟು ಚುರುಕಾಗಿ ಓಡಿತಲ್ಲ, ಅದು ನನ್ನನ್ನು ಇವತ್ತಿಗೂ ಬೆಚ್ಚಿಬೀಳಿಸುತ್ತದೆ.

ಅವನು ಸೊಂಟದ ಬೆಲ್ಟಿನಲ್ಲಿ ತಲೆಕೆಳಗಾಗಿ ಜೋತಾಡುತ್ತಿದ್ದ. ಆಳುಗಳು ಏಣಿ ಹಾಕಿ ಇಳಿಸಿದರು. ನಾನು ಫೋನ್ ಮಾಡಿದ್ದು ಯಾರಿಗೆ? ಆಚೆಯ ಲೈನ್‌ಮನ್‌ಗೇ. ಅವನು ಜೀಪು ತಂದ, ನಮ್ಮವನನ್ನು ತೊಡೆಯ ಮೇಲೆ ಹಾಕಿಕೊಂಡು ಮಿರಜಕ್ಕೆ ಒಯ್ದ. ಜೀವ ಉಳಿಯಿತು. ಬಲಗೈ ಮೊಣಕೈವರೆಗೆ ತೆಗೆದರು.

ಊರು ಹುಡುಕಿದ್ದು ತಪ್ಪು ಯಾರದು ಅಂತ. ಲೈನ್ ಬಂದ್ ಇದ್ದಾಗ ಕರೆಂಟು ಹರಿದಿದೆ ಅಂದರೆ ಸ್ಟೇಷನ್ನಿನ ಆಪರೇಟರನೇ ಹಾಕಿರಬೇಕು. ಅವರು ನಿವೃತ್ತಿಗೆ ಬಂದ ಮನುಷ್ಯ, ಕನ್ನಡಕದ ಒಂದು ಕಾಲಿಗೆ ದಾರ ಕಟ್ಟಿಕೊಂಡಿದ್ದರು. ಜನ ಸ್ಟೇಷನ್ನಿಗೆ ನುಗ್ಗಿತು. “ನಾ ಹಾಕಿಲ್ರೆಪಾ, ನನ್ನ ಮಕ್ಕಳಾಣಿ ಹಾಕಿಲ್ಲ” ಅಂತ ಆ ಮುದುಕರು ರಿಜಿಸ್ಟರು ಎದೆಗವಚಿಕೊಂಡು ಹೇಳುತ್ತಿದ್ದರು. ಅವರ ಅಂಗಿ ಹರಿದರು. ಮೆಂಬರ್ ಅಂತ ನಾನೂ ಅಲ್ಲಿದ್ದೆ. ಸುಮ್ಮನೆ ಇದ್ದಿದ್ದರೂ ಒಂದು ಮಾತು. “ಮನಷ್ಯಾ ಮ್ಯಾಲ ಅದಾನ ಅನ್ನೂ ಖಬರ್ ಇರಲಿಲ್ಲೇನ್ರಿ ನಿಮಗ?” ಅಂತ ನಾನೇ ಎಲ್ಲರ ಮುಂದೆ ಕೇಳಿದೆ. ಯಾರ ಬಾಯಿ ಅದು? ನನ್ನದೇ. ಮರುದಿನ ಅವರನ್ನು ಕೆಲಸದಿಂದ ದೂರ ಇಟ್ಟರು, ವಿಚಾರಣೆ ಆಗಲಿ ಅಂದರು.

ರಾತ್ರಿ ಹಗಲು ಒಂದೇ ಆಯಿತು. ಯಜಮಾನರಿಗೆ ಹೇಳಿದೆ. “ಬಾಯಿ ಮುಚ್ಚಿಕೊಂಡು ಇರು” ಅಂದರೆ ಇರಬಹುದಿತ್ತು, “ಹೋಗಿ ಹೇಳು” ಅಂದರೆ ಹೇಳಬಹುದಿತ್ತು. “ನಿನಗ ತಿಳದಂಗ ಮಾಡು” ಅಂದುಬಿಟ್ಟರು. ದಿನ ಬಿಟ್ಟು ದಿನ ಮಿರಜಕ್ಕೆ ಬುತ್ತಿ ಒಯ್ದೆ. ಅವನು ಎಡಗೈಯಲ್ಲಿ ರೊಟ್ಟಿ ಮುರಿಯಲು ಬರದೆ ಸಿಟ್ಟಾಗುತ್ತಿದ್ದ, ನಾನು ಮುರಿದು ಕೊಡುತ್ತಿದ್ದೆ. “ನಮ್ಮ ಅವ್ವನೂ ಇಷ್ಟ ಮಾಡಂಗಿಲ್ರಿ ಅಕ್ಕಾರ. ಆ ಮುದುಕನ್ನ ಮಾತ್ರ ನಾ ಬಿಡಂಗಿಲ್ಲ” ಅಂದ. ನಾನು ಇನ್ನೊಂದು ರೊಟ್ಟಿ ಮುರಿದು ಕೊಟ್ಟೆ. ಹೇಳಲಿಲ್ಲ, ಹೇಳಲಿಲ್ಲ.

ಅವನು ಊರಿಗೆ ಬಂದ ವಾರ ವಿಚಾರಣೆ ನಡೆಯಿತು. ಕರೆಂಟು ಆಚೆಯಿಂದ ಬಂದಿರಬಹುದು ಅಂತ ನಮ್ಮ ಕಡೆಯ ಇಂಜಿನಿಯರಿಗೆ ಒಂದು ಅನುಮಾನ ಬಂದಿತ್ತು, ಆಚೆಯ ಇಂಜಿನಿಯರನ್ನೂ ಕರೆಸಿದ್ದರು. ಎರಡು ಕಚೇರಿಗಳು ಒಂದೇ ಚಾಪೆಯ ಮೇಲೆ ಕೂತದ್ದು ಅದೇ ಮೊದಲು. ಜಾಗ ನಮ್ಮದೇ ಅಂಗಳ. ನಮ್ಮ ಇಂಜಿನಿಯರು ಮೈಸೂರು ಕಡೆಯವರು, ಮರಾಠಿ ಬಾರದು. ಆಚೆಯವರಿಗೆ ಕನ್ನಡ ಬಾರದು. ಇಬ್ಬರ ನಡುವೆ ಮಾತು ದಾಟಿಸಲು ಊರು ಒಕ್ಕೊರಲಿನಿಂದ ನನ್ನನ್ನು ಮುಂದೆ ದೂಡಿತು.

ಆಚೆಯ ಲೈನ್‌ಮನ್ ಎದ್ದು ನಿಂತು ತನ್ನ ಸಾಹೇಬರಿಗೆ ಹೇಳಿದ: “ವಹಿನೀಂನೀ ಫೋನ ಕೇಲಾ ಮ್ಹಣೂನ ಸಪ್ಲಾಯ ದಿಲಾ, ಸಾಹೇಬ.” ವಹಿನಿ ಫೋನ್ ಮಾಡಿದರು ಅಂತ ಸಪ್ಲೈ ಕೊಟ್ಟೆ. ಅವನು ತನ್ನ ತಪ್ಪು ಒಪ್ಪಿಕೊಳ್ಳುತ್ತಿದ್ದ, ಪಾಳಿ ಬಿಟ್ಟು ಕರೆಂಟು ಕೊಟ್ಟದ್ದಕ್ಕೆ. ನಾನು ನಮ್ಮ ಇಂಜಿನಿಯರ ಕಡೆ ತಿರುಗಿ, “ಯಾರೋ ರೈತರು ಫೋನ್ ಮಾಡಿದ್ರಂತ್ರೀ, ಅದಕ್ಕ ಕೊಟ್ಟನಂತ” ಅಂದೆ.

ಭಾಷೆ ಬಾರದವರು ಅಲ್ಲಿ ಇದ್ದದ್ದು ಇಬ್ಬರೇ. ಉಳಿದ ಇಡೀ ಊರಿಗೆ ಎರಡೂ ಬರುತ್ತದೆ ಅನ್ನುವುದು ನನಗೆ ಆ ಗಳಿಗೆಯಲ್ಲಿ ಮರೆತೇ ಹೋಗಿತ್ತು. ಯಾರೋ ಕೆಮ್ಮಿದರು. ಯಜಮಾನರು ತಲೆ ಎತ್ತಲಿಲ್ಲ. ಮೂಲೆಯಲ್ಲಿ ಕೂತಿದ್ದ ಆಪರೇಟರು ದಾರದ ಕನ್ನಡಕ ಸರಿ ಮಾಡಿಕೊಂಡು ನನ್ನನ್ನೇ ನೋಡಿದರು.

ಆಚೆಯ ಇಂಜಿನಿಯರು ಕೇಳಿದರು: “ತೋ ಖಾಂಬಾವರ ಆಹೇ ಹೇ ಕುಣಾಲಾ ಮಾಹೀತ ಹೋತಂ?”

ಅದನ್ನು ಕನ್ನಡಕ್ಕೆ ದಾಟಿಸುವುದು ನನ್ನ ಕೆಲಸ. ದಾಟಿಸಿದೆ. “ಅವಾ ಕಂಬದ ಮ್ಯಾಲ ಅದಾನಂತ ಯಾರಿಗೆ ಗೊತ್ತಿತ್ತು ಅಂತ ಕೇಳಾಕತ್ತಾರ್ರಿ.”

ನಮ್ಮ ಲೈನ್‌ಮನ್ ಉತ್ತರ ಕೊಟ್ಟ. ಅವನು ನನ್ನ ಎದುರಿಗೇ, ಚಾಪೆಯ ಅಂಚಿನಲ್ಲಿ ಕೂತಿದ್ದ. “ಆಪರೇಟರಿಗೆ ಗೊತ್ತಿತ್ರಿ” ಅಂದ. “ಮತ್ತ ಅಕ್ಕಾರಿಗೆ.” ಆಮೇಲೆ ನನ್ನ ಕಡೆ ತಿರುಗಿದ. ಅವನ ಮುಖದಲ್ಲಿ ಇನ್ನೂ ಸಿಟ್ಟು ಇರಲಿಲ್ಲ. ನಾನು ಹೌದು ಅಂದರೆ ಸಾಕು, ನಂಬಲು ತಯಾರಿದ್ದ. “ಅಕ್ಕಾರ, ಈ ಕಡೀವು ಮೂರೂ ಕಿತ್ತಿದ್ರಿಲ್ಲ?”

ಹೌದು ಅನ್ನುವ ಒಂದು ಮಾತು ನಾಲಿಗೆಯ ಮೇಲೆ ಸಿದ್ಧವಾಗಿ ಕೂತಿತ್ತು.

“ಇಲ್ಲೋ ತಮ್ಮಾ” ಅಂದೆ. “ಕಿತ್ತಿರಲಿಲ್ಲ. ಅವರ ಹತ್ತರ ಸಪ್ಲೈ ಕೇಳಿದಾಕಿ ನಾನ. ನಿನಗ ಚಾ ಕೊಟ್ಟು, ನೀ ಹತ್ತೂದು ನೋಡಿ, ಕೇಳಿದ್ನಿ.” ಅದನ್ನೇ ಮತ್ತೆ ಮರಾಠಿಯಲ್ಲಿ ಮೊದಲಿನಿಂದ ಹೇಳಿದೆ. ಈ ಸಲ ಒಂದು ಶಬ್ದವನ್ನೂ ಬಿಡಲಿಲ್ಲ.

ಅವನು ಎದ್ದು ಹೋಗಲು ನೋಡಿದ. ಅವಸರದಲ್ಲಿ ಬಲಗೈ ಊರಲು ಹೋದ. ಅಲ್ಲಿ ಕೈ ಇರಲಿಲ್ಲ. ಒಂದು ಮಗ್ಗುಲಿಗೆ ವಾಲಿಬಿಟ್ಟ. ನಾನು ಹಿಡಿಯಲು ಧಾವಿಸಿದೆ.

“ಮುಟ್ಟಬ್ಯಾಡ್ರಿ ನನ್ನ.”

ಆಪರೇಟರು ಬಂದು ಅವನ ಕಂಕುಳಿಗೆ ಕೈ ಹಾಕಿ ಎಬ್ಬಿಸಿದರು. ಅವರ ಹೆಗಲು ಹಿಡಿದು ಅವನು ಅಂಗಳ ದಾಟಿದ. ಆಚೆಯ ಇಂಜಿನಿಯರಿಗೆ ಪಾಪ ಅವನ ಕೊನೆಯ ಮಾತು ತಿಳಿದಿರಲಿಲ್ಲ, ಪೆನ್ನು ಹಿಡಿದುಕೊಂಡೇ ನನ್ನ ಕಡೆ ಬಾಗಿ, “ತೋ ಕಾಯ ಮ್ಹಣಾಲಾ?” ಅಂದರು. ಅವನು ಏನಂದ ಅಂತ.

“ಮಲಾ ಹಾತ ಲಾವೂ ನಕಾ” ಅಂತ ಅವನ ಮಾತನ್ನೇ ದಾಟಿಸಿದೆ, ನನ್ನನ್ನು ಮುಟ್ಟಬೇಡಿ. ಅವರು ಅದನ್ನು ಬರೆದುಕೊಂಡರು.