ಮಾತು ನಿಂತಾಗ ಆರಿಸಿದ ಆಟ

ಹಾಸನದಲ್ಲಿ ಥೈರಾಯ್ಡ್ ಗಂಟಿನ ಆಪರೇಷನ್ ಮುಗಿದು ಎಚ್ಚರವಾದಾಗ ನನಗೆ ನೀರು ಬೇಕಿತ್ತು. ಕೇಳಲು ಬಾಯಿ ತೆರೆದೆ. ಗಾಳಿ ಬಂತು, ದನಿ ಬರಲಿಲ್ಲ. ಮಂಚದ ಪಕ್ಕ ನಿಂತಿದ್ದ ನನ್ನ ಗಂಡ ಬಗ್ಗಿ ಕಿವಿಗೊಟ್ಟರು. ಮತ್ತೆ ಗಾಳಿಯೇ. ಅವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಆಮೇಲೆ ನರ್ಸನ್ನು ಕರೆಯಲು ಹೋದರು. ಹಾಲ್‌ನ ಆ ತುದಿಯವರೆಗೂ ಅವರು ಓಡುವುದು ಕೇಳಿಸಿತು.

ಡಾಕ್ಟರು ಸುತ್ತಿ ಬಳಸದೆ ಹೇಳಿದರು. ದನಿಪೆಟ್ಟಿಗೆಗೆ ಹೋಗುವ ನರ ಗಂಟಿಗೆ ಅಂಟಿಕೊಂಡಿತ್ತು. ಬಿಡಿಸುವಾಗ ಜಗ್ಗಿದೆ, ತುಂಡಾಗಿಲ್ಲ. ದನಿ ಹೊರಡಿಸುವ ಎರಡು ಮಡಿಕೆಗಳಲ್ಲಿ ಒಂದು ಅಲ್ಲಾಡುತ್ತಿಲ್ಲ. ಹೆಚ್ಚಿನವರಿಗೆ ಸರಿಹೋಗುತ್ತದೆ, ಯಾವಾಗ ಎಂದು ಹೇಳಲಾಗದು. ಕೆಲವರಿಗೆ ಪೂರ್ತಿ ಸರಿಹೋಗುವುದಿಲ್ಲ. ಸದ್ಯಕ್ಕೆ ಮಾತು ಬೇಡ, ಪಿಸುಮಾತೂ ಬೇಡ, ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಬಂದು ತೋರಿಸಿ ಎಂದರು.

ನಾನು ಹೊಳೆನರಸೀಪುರದ ಹೈಸ್ಕೂಲೊಂದರಲ್ಲಿ ಗಣಿತದ ಮೇಡಂ. ಕ್ಲಾಸಿನಲ್ಲಿ ನಾನು ಬೈದದ್ದು ರಸ್ತೆಯಾಚೆಯ ಟೀ ಅಂಗಡಿಗೆ ಕೇಳುತ್ತದೆ ಎಂದು ಸಹೋದ್ಯೋಗಿಗಳು ತಮಾಷೆ ಮಾಡುತ್ತಿದ್ದರು. ದನಿ ಬಿಟ್ಟರೆ ನನ್ನ ಬಳಿ ಬೇರೆ ಉಪಕರಣವಿರಲಿಲ್ಲ. ಮನೆಗೆ ಬಂದ ಮೇಲೆ ಒಂದು ಸ್ಲೇಟು ಇಟ್ಟುಕೊಂಡೆ. ನೋಡಲು ಬಂದ ಅಕ್ಕಪಕ್ಕದವರು ನನಗೆ ಕಿವಿಯೂ ಹೋಗಿದೆಯೆಂಬಂತೆ ಕೂಗಿ ಮಾತಾಡಿದರು. ನನ್ನ ಗಂಡ ಮಾತ್ರ ಮಾತು ಕಮ್ಮಿ ಮಾಡಿದರು. ಹಾರ್ಡ್‌ವೇರ್ ಅಂಗಡಿಯಿಂದ ಮಧ್ಯಾಹ್ನ ಊಟಕ್ಕೆ ಬಂದವರು ನನ್ನ ಗಂಟಲಿನ ಗಾಯದ ಗೆರೆಯನ್ನು ಒಮ್ಮೆ ನೋಡಿ, ತಟ್ಟೆಯ ಕಡೆ ತಲೆ ತಗ್ಗಿಸುತ್ತಿದ್ದರು. ಇಬ್ಬರೂ ಸುಮ್ಮನಿರುವ ಮನೆಯಲ್ಲಿ ಫ್ರಿಜ್ಜಿನ ಸದ್ದೂ ದೊಡ್ಡದಾಗಿ ಕೇಳುತ್ತದೆ. ಚನ್ನರಾಯಪಟ್ಟಣದಿಂದ ಅಮ್ಮ ದಿನಾ ಫೋನ್ ಮಾಡಿ ತಾನೇ ಮಾತಾಡುತ್ತಿದ್ದಳು. ಹೌದು ಎನ್ನುವುದಿದ್ದರೆ ನಾನು ಫೋನಿನ ಮೇಲೆ ಉಗುರಿನಿಂದ ಒಂದು ಸಲ ಕುಟ್ಟುತ್ತಿದ್ದೆ, ಇಲ್ಲ ಎನ್ನುವುದಿದ್ದರೆ ಎರಡು ಸಲ.

ನನ್ನ ತಮ್ಮ ಅರಕಲಗೂಡಿನಲ್ಲಿ ಸೈಬರ್ ಸೆಂಟರ್ ನಡೆಸುತ್ತಾನೆ. ಒಂದು ಭಾನುವಾರ ಲ್ಯಾಪ್‌ಟಾಪ್ ಹಿಡಿದು ಬಂದ. ಮದುವೆಯಾಗಿ ಮಗುವಿದ್ದರೂ ಕಂಪ್ಯೂಟರ್ ಗೇಮಿನ ಹುಚ್ಚು ಬಿಟ್ಟಿಲ್ಲ ಎಂದು ನಾನೇ ಅವನನ್ನು ಬೈಯುತ್ತಿದ್ದೆ. ಈಗ ಬೈಯಲಾರೆನೆಂದು ಗೊತ್ತಿದ್ದೇ ಬಂದಿದ್ದಾನೆ ಅನ್ನಿಸಿತು. ಅವನು ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲಿಟ್ಟು, ಹಿಂಗೇ ಗೋಡೆ ನೋಡ್ಕೊಂಡು ಕೂತರೆ ತಲೆ ಕೆಡುತ್ತೆ, ನಾವೇ ಒಂದು ಪಾತ್ರವಾಗಿ ಕತೆಯೊಳಗೆ ಹೋಗೋ ರೋಲ್ ಪ್ಲೇಯಿಂಗ್ ಗೇಮ್ ಆಡು ಎಂದ. ನಾನು ಸ್ಲೇಟಿನಲ್ಲಿ ‘ಯಾವತ್ತೂ ಆಡಿಲ್ಲ’ ಎಂದು ಬರೆದೆ.

“ಅದಕ್ಕೇ ಮೊದಲನೇದನ್ನ ನೋಡಿ ತಗಬೇಕು ಕಣಕ್ಕ,” ಎಂದ. “ಜಪಾನಿನೋರ ಗೇಮಲ್ಲಿ ಕತೆ, ನಾಯಕ ಎಲ್ಲ ಅವರೇ ಮಾಡಿಟ್ಟಿರ್ತಾರೆ. ಅಮೆರಿಕ, ಯುರೋಪಿನೋರ ಗೇಮಲ್ಲಿ ನೀನು ಯಾರು ಅಂತ ನೀನೇ ಮಾಡ್ಕಬೇಕು. ಏನು ಮಾತಾಡ್ಬೇಕು ಅಂತಾನೂ ನೀನೇ ಆರಿಸ್ಬೇಕು.”

ಅವನು ಮೂರು ಗೇಮ್ ತೋರಿಸಿದ. ಒಂದರಲ್ಲಿ ಹಿಮದ ಬೆಟ್ಟಗಳಿದ್ದವು, ಎತ್ತ ಬೇಕಾದರೂ ನಡೆದು ಹೋಗಬಹುದಿತ್ತು. ಇನ್ನೊಂದು ಹಳೆಯದು, ಚಿತ್ರಕ್ಕಿಂತ ಓದುವುದೇ ಜಾಸ್ತಿ. ಮೂರನೆಯದರಲ್ಲಿ ಎಲ್ಲವನ್ನೂ ಮೇಲಿನಿಂದ ನೋಡುವುದು. ಹೊಡೆದಾಟ ಬಂದರೂ ಸರದಿ ಪ್ರಕಾರ, ನಾವು ತೀರ್ಮಾನ ಮಾಡುವ ತನಕ ವೈರಿ ನಿಂತೇ ಇರುತ್ತಾನೆ. ಹೊಸಬರಿಗೆ ಮೂರನೆಯದೇ ವಾಸಿ ಎಂದು ಅವನು ಹೇಳಿದ. ನಾನು ಬೆಟ್ಟಕ್ಕೆ ಮನಸೋತು ಮೊದಲನೆಯದನ್ನೇ ಬೆರಳು ಮಾಡಿ ತೋರಿಸಿದೆ.

ಅವನು ಲ್ಯಾಪ್‌ಟಾಪ್ ಬಿಟ್ಟುಹೋದ. ಮಾರನೆಯ ದಿನ ಒಬ್ಬಳೇ ಕೂತು ಆಡಿದೆ. ಪೈನ್ ಮರಗಳ ನಡುವೆ ನಡೆಯುತ್ತ ಸ್ವಲ್ಪ ಹೊತ್ತು ಗಂಟಲನ್ನು ಮರೆತಿದ್ದೆ. ಆಮೇಲೆ ಎಡಗಡೆಯಿಂದ ತೋಳಗಳು ನುಗ್ಗಿದವು. ಯಾವ ಕೀಲಿ ಒತ್ತಬೇಕೆಂದು ಕೈಗೆ ಹೊಳೆಯಲಿಲ್ಲ. ಪರದೆ ಕೆಂಪಾಯಿತು. ಕಿರುಚಬೇಕೆನಿಸಿತು. ಬಾಯಿ ತೆರೆದರೆ ಆಸ್ಪತ್ರೆಯಲ್ಲಿ ಬಂದಿದ್ದ ಅದೇ ಗಾಳಿ. ಮನೆಗೆ ಕಳ್ಳ ನುಗ್ಗಿದರೂ, ಮೈಮೇಲೆ ಬಿಸಿ ಎಣ್ಣೆ ಬಿದ್ದರೂ ನಾನು ಯಾರನ್ನೂ ಕೂಗಿ ಕರೆಯಲಾರೆ ಎಂಬುದು ಆವತ್ತಿನ ತನಕ ನನಗೆ ಹೊಳೆದಿರಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ ಹೋಗಿ ಮುಂಬಾಗಿಲಿನ ಚಿಲಕ ನೋಡಿ ಬಂದೆ.

ತಮ್ಮನಿಗೆ ಮೆಸೇಜ್ ಮಾಡಿದೆ. ‘ನಾನು ಹೇಳಿದ್ದೆ ತಾನೆ’ ಎಂದು ಅವನು ಚುಚ್ಚಲಿಲ್ಲ. ಫೋನ್ ಮಾಡಿ, ನಾನು ಕೇಳಿಸಿಕೊಳ್ಳುತ್ತಿರುವಂತೆಯೇ ಮೂರನೆಯ ಗೇಮನ್ನು ಶುರು ಮಾಡಿಸಿದ. ಅದು ಮೊದಲು ಕೇಳಿದ್ದು ನೀನು ಯಾರು ಎಂದು. ಮೊದಲ ಸಲಕ್ಕೆ ಕತ್ತಿ ಹಿಡಿಯುವವಳನ್ನೇ ತಗೋ, ಪೆಟ್ಟು ತಿಂದರೂ ತಡೆದುಕೊಳ್ಳುತ್ತಾಳೆ, ಮಾತುಗಾರ್ತಿ ಬೇಗ ಸಾಯುತ್ತಾಳೆ ಎಂದು ಅವನು ಎಚ್ಚರಿಸಿದ. ನಾನು ಮಾತುಗಾರ್ತಿಯನ್ನೇ ಆರಿಸಿದೆ. ಗೇಮ್ ಕೊಟ್ಟ ಅಂಕಗಳನ್ನೆಲ್ಲ ಎದುರಿನವರನ್ನು ಮಾತಿನಿಂದ ಒಪ್ಪಿಸುವ ಶಕ್ತಿಗೆ ಹಾಕಿದೆ, ತೋಳಿನ ಬಲಕ್ಕೆ ಏನೂ ಉಳಿಯಲಿಲ್ಲ.

ಈ ಗೇಮಿನಲ್ಲಿ ಯಾರಾದರೂ ಎದುರಾದರೆ ಕೆಳಗೆ ನಾಲ್ಕೈದು ಸಾಲುಗಳು ಬರುತ್ತಿದ್ದವು. ಅವುಗಳಲ್ಲಿ ಒಂದನ್ನು ಒತ್ತಿದರೆ ನನ್ನ ಮಾತುಗಾರ್ತಿ ಅದನ್ನು ಹೇಳಿದಂತೆ. ಎದುರಿನವರು ಕಾಯುತ್ತಿದ್ದರು. ನಾನು ಎಷ್ಟು ಹೊತ್ತು ಯೋಚಿಸಿದರೂ ಯಾರೂ ಮುಖ ತಿರುಗಿಸುತ್ತಿರಲಿಲ್ಲ. ಒಂದು ಮಧ್ಯಾಹ್ನ ನನ್ನ ಗಂಡ ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತ ಹಿಂದೆ ನಿಂತು ನೋಡಿದರು. ಅವರಿಗೆ ಇಂಗ್ಲಿಷ್ ಅಷ್ಟಾಗಿ ಬಾರದು. ಏನಂತೆ ಎಂದು ಕೇಳಿದರು. ನಾನು ಫೋನಿನಲ್ಲಿ ಕನ್ನಡದಲ್ಲಿ ಟೈಪ್ ಮಾಡಿ ತೋರಿಸಿದೆ. ಮಾರನೆಯ ದಿನ ಕುರ್ಚಿ ಎಳೆದುಕೊಂಡು ಕೂತರು. ಆಮೇಲಾಮೇಲೆ ಅಂಗಡಿಯನ್ನು ಹುಡುಗರಿಗೆ ಬಿಟ್ಟು ಬೇಗ ಬರತೊಡಗಿದರು.

ಜಗಳ ಹುಟ್ಟಿದ್ದು ಗೇಮಿನಲ್ಲಿ ನಮ್ಮನ್ನು ಹೊಳೆ ದಾಟಿಸಬೇಕಿದ್ದ ಒಬ್ಬ ದೋಣಿಯವನ ವಿಷಯದಲ್ಲಿ. ದಂಡಿನಿಂದ ತಪ್ಪಿಸಿಕೊಂಡು ಬಂದ ಸೈನಿಕನೊಬ್ಬ ಆ ದೋಣಿಯವನ ಕುತ್ತಿಗೆಗೆ ಚೂರಿ ಹಿಡಿದು, ಹತ್ತಿರ ಬಂದರೆ ಕೊಯ್ಯುತ್ತೇನೆ ಎನ್ನುತ್ತಿದ್ದ. ಅವನೂ ಹೆದರಿದ್ದ. ನನಗೆ ಮಾತಾಡಿ ನೋಡಬೇಕೆಂದು. ಸೈನಿಕನನ್ನು ಹೊಡೆಯಬೇಕೆಂದು ಗಂಡನಿಗೆ.

“ಅವ್ನು ಮಾತಿಗೆ ಬಗ್ಗೋನಲ್ಲ ಕಣೆ. ಒಡ್ದಾಕ್ಬುಡು,” ಎಂದರು.

ನಾನು ಬೇಡವೆಂದು ತಲೆಯಾಡಿಸಿದೆ. ಅವರು ಕಾರಣ ಹೇಳಿದರು, ನಾನು ಫೋನಿನಲ್ಲಿ ಉತ್ತರ ಟೈಪ್ ಮಾಡಿದೆ. ನನ್ನ ಬೆರಳಿಗಿಂತ ಅವರ ಬಾಯಿ ಜೋರು. ಅಷ್ಟರಲ್ಲಿ ಒಲೆಯ ಮೇಲಿನ ಹಾಲಿನ ನೆನಪಾಗಿ ಅಡುಗೆಮನೆಗೆ ಹೋದೆ. ಒಲೆ ಆರಿಸಿ ತಿರುಗಿದಾಗ ಬಾಗಿಲಿನಿಂದ ಪರದೆ ಕಾಣುತ್ತಿತ್ತು. ಗಂಡ ಮೌಸ್ ಹಿಡಿದಿದ್ದರು. ಬಾಣದ ಗುರುತು ಹೊಡೆಯುವ ಸಾಲಿನ ಮೇಲೆ ಬಂದು ನಿಂತಿತ್ತು.

“ಬ್ಯಾಡ!”

ಅದು ನನ್ನಿಂದ ಬಂದದ್ದು. ದನಿ ಎನ್ನಲಾರೆ, ಸೀಳಿದ ಬಿದಿರಿನ ಸದ್ದಿನಂತಿತ್ತು. ಕೂಡಲೇ ಗಂಟಲಿನಲ್ಲಿ ಚಳಕು ಹೊಡೆದು ಕೆಮ್ಮು ಬಂತು, ಕೆಮ್ಮು ನಿಲ್ಲಲಿಲ್ಲ. ಗಂಡ ಮೌಸ್ ಬಿಟ್ಟು ಎದ್ದ ರಭಸಕ್ಕೆ ಕುರ್ಚಿ ಬಿತ್ತು. ಓಡಿ ಬಂದು ಲೋಟದಲ್ಲಿ ನೀರು ಕೊಟ್ಟರು. ರಕ್ತ ಬಂತೇನೋ ಎಂದು ನಾನು ಸೆರಗಿಗೆ ಉಗುಳಿ ನೋಡಿದೆ. ಬಂದಿರಲಿಲ್ಲ. ಕಿತ್ತುಹೋಯಿತು, ಇದ್ದ ನರವೂ ಕಿತ್ತುಹೋಯಿತು ಎಂಬ ಒಂದೇ ಯೋಚನೆ ನನಗೆ. ಅವರಿಗೂ ಅದೇ ಇದ್ದಿರಬೇಕು. “ನಾನ್ಯಾಕಾರ ಅದನ್ನ ಮುಟ್ಟುದ್ನೋ,” ಎಂದಷ್ಟೇ ಹೇಳಿದರು.

ಬೆಳಿಗ್ಗೆ ಮೊದಲ ಬಸ್ಸಿಗೆ ಹಾಸನಕ್ಕೆ ಹೊರಟೆವು. ದಾರಿಯುದ್ದಕ್ಕೂ ಅವರು ನನ್ನ ರಿಪೋರ್ಟುಗಳ ಕವರನ್ನು ಎರಡೂ ಕೈಯಲ್ಲಿ ಎದೆಗೊತ್ತಿ ಹಿಡಿದುಕೊಂಡಿದ್ದರು. ಡಾಕ್ಟರು ಬರುವುದು ತಡವಾಯಿತು. ಕಾಯುವಾಗ ಎದುರಿಗಿದ್ದ ಮುದುಕಿ ನನಗೇನಾಗಿದೆ ಎಂದು ವಿಚಾರಿಸಿದಳು. ನಾನು ಗಂಡನ ಕಡೆ ನೋಡಿದೆ. ಅವರು ಗಂಟಲು ಎಂದಷ್ಟೇ ಹೇಳಿ ಡಾಕ್ಟರ ಕೋಣೆಯ ಬಾಗಿಲ ಕಡೆ ತಿರುಗಿದರು.

ಮೂಗಿನಿಂದ ಕ್ಯಾಮೆರಾದ ತೆಳು ನಳಿಕೆ ಇಳಿಸಿದರು. ಕಣ್ಣಲ್ಲಿ ನೀರು ಸುರಿಯಿತು. “‘ಈಈ’ ಅನ್ನಿ,” ಎಂದರು ಡಾಕ್ಟರು. ನನಗೆ ಅನ್ನಲು ಭಯ. ಅವರು ಮತ್ತೆ ಹೇಳಿದರು. ಅಂದೆ. ಒರಟು ಗಾಳಿಯ ಜೊತೆ ಏನೋ ಒಂದು ಬಂತು. ಡಾಕ್ಟರು ಪರದೆಯನ್ನೇ ನೋಡುತ್ತಿದ್ದರು. ಗಂಡನೂ ಅದನ್ನೇ ನೋಡುತ್ತಿದ್ದರು, ನನಗೊಬ್ಬಳಿಗೇ ಅದು ಕಾಣುತ್ತಿರಲಿಲ್ಲ. ಇನ್ನೊಂದು ಸಲ ಅನ್ನಿಸಿದರು, ಮತ್ತೊಂದು ಸಲ ಅನ್ನಿಸಿದರು.

“ಅಲ್ಲಾಡ್ತಿದೆ,” ಎಂದರು ಕೊನೆಗೆ. “ಸ್ವಲ್ಪ. ಆದರೆ ಅಲ್ಲಾಡ್ತಿದೆ.”

ಕೂಗಿದ್ದರಿಂದ ಏನೂ ಕಿತ್ತುಹೋಗಿರಲಿಲ್ಲ. ಕೂಗಿದ್ದರಿಂದಲೇ ದನಿ ಬಂತು ಎಂದೂ ತಿಳಿಯಬೇಡಿ, ಮೊದಲೇ ಚೇತರಿಸಿಕೊಳ್ಳುತ್ತಿತ್ತು ಎಂದರು. ಇನ್ನು ಮೇಲೆ ಮೆಲ್ಲಗೆ ಮಾತಾಡಬಹುದು, ಗಂಟಲಿನ ಅಭ್ಯಾಸ ಮಾಡಬೇಕು. ಹಳೆಯ ದನಿ ಅಷ್ಟೂ ಬರುತ್ತದೆಯೇ ಎಂದು ಗಂಡ ಕೇಳಿದ್ದಕ್ಕೆ ಅವರು ಭರವಸೆ ಕೊಡಲಿಲ್ಲ. ಬಸ್‌ಸ್ಟ್ಯಾಂಡಿನಿಂದ ಅಮ್ಮನಿಗೆ ಫೋನ್ ಮಾಡಿ “ಅಮ್ಮಾ” ಎಂದೆ. ಅತ್ತಲಿಂದ “ಯಾರು?” ಎಂದಳು. ನಾನು ಕಣಮ್ಮ ಎಂದೆ. ಅವಳು ಅಳತೊಡಗಿದ್ದು ಬಸ್ಸುಗಳ ಗಲಾಟೆಯಲ್ಲೂ ಕೇಳಿಸಿತು.

ಮನೆಗೆ ಬಂದಾಗ ಲ್ಯಾಪ್‌ಟಾಪ್ ಹಾಗೇ ಇತ್ತು, ಸೈನಿಕ ಚೂರಿ ಹಿಡಿದು ನಿಂತೇ ಇದ್ದ. ಗಂಡ ಮೌಸನ್ನು ನನ್ನ ಕಡೆ ಸರಿಸಿದರು. ನಾನು ಮಾತಾಡುವ ಸಾಲನ್ನು ಒತ್ತಿದೆ. ಪರದೆಯ ಮೇಲೆ ದಾಳ ಉರುಳಿತು, ಅವನನ್ನು ಒಪ್ಪಿಸಲು ಬೇಕಾದಷ್ಟು ಸಂಖ್ಯೆ ಬೀಳಲಿಲ್ಲ. ಸೈನಿಕ ನನ್ನ ಮಾತು ನಂಬಲಿಲ್ಲ, ದೋಣಿಯವನು ಸತ್ತ. ಹಿಂದಿನ ಹಂತಕ್ಕೆ ಹೋಗಿ ಬದಲಾಯಿಸುವುದನ್ನು ತಮ್ಮ ಹೇಳಿಕೊಟ್ಟಿದ್ದ. ಬದಲಾಯಿಸೋಣವೇ ಎಂದು ಗಂಡ ಕೇಳಿದರು. ಬೇಡ ಎಂದೆ, ಬಾಯಲ್ಲೇ. ಹೊಳೆ ದಾಟಲು ಬೇರೆ ದಾರಿ ಹುಡುಕುತ್ತ ಆವತ್ತಿನ ಮಧ್ಯಾಹ್ನ ಕಳೆಯಿತು.

ಜೂನಿನಲ್ಲಿ ಸೊಂಟಕ್ಕೆ ಕಟ್ಟುವ ಮೈಕ್ ಹಾಕಿಕೊಂಡು ಕ್ಲಾಸಿಗೆ ಹೋದೆ. ದನಿ ಈಗಲೂ ದಪ್ಪ, ಮೂರನೆಯ ಪೀರಿಯಡ್ಡಿನ ಹೊತ್ತಿಗೆ ಸೋಲುತ್ತದೆ. ಆಗ ಬೋರ್ಡಿನ ಮೇಲೆ ಲೆಕ್ಕ ಬರೆದು ಸುಮ್ಮನೆ ನಿಲ್ಲುತ್ತೇನೆ. ಮಕ್ಕಳು ತಾವೇ ಹಂತ ಹಂತವಾಗಿ ಹೇಳುತ್ತಾ ಹೋಗುತ್ತಾರೆ. ತಪ್ಪಿದಾಗ ಮಾತ್ರ ನಾನು ಬಾಯಿ ತೆರೆಯುತ್ತೇನೆ.