ಹಪ್ಪಳದಲ್ಲಿ ನೀಲಿ ಎಳೆ

ಪಕ್ಕದ ಮನೆಯ ಅಕ್ಕ ಒಂದು ಕಣ್ಣು ಮುಚ್ಚಿ, ಒಣಗಿದ ಹಲಸಿನ ಹಪ್ಪಳವನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದರು. ಎಣ್ಣೆ ಹಚ್ಚಿ ಹಚ್ಚಿ ಅವರ ಬೆರಳುಗಳು ಸದಾ ಹೊಳೆಯುತ್ತಿದ್ದವು. ಹೀಗೆ ನೋಡದೆ ಒಂದು ಹಪ್ಪಳವನ್ನೂ ಮಾರುವ ಕಟ್ಟಿನೊಳಗೆ ಸೇರಿಸಿದವರಲ್ಲ. ಬಂಟ್ವಾಳ ಪೇಟೆಯಲ್ಲಿ ನಮ್ಮ ತಾರಸಿಗೆ ತಾಗಿಕೊಂಡೇ ಅವರ ತಾರಸಿ. ನಮಗೆಲ್ಲ ಅವರು ಹಪ್ಪಳದಕ್ಕ. ಬೇಸಗೆಯ ಎರಡು ತಿಂಗಳ ಹಪ್ಪಳವೇ ಆ ಒಂಟಿ ಹೆಂಗಸಿನ ವರ್ಷದ ಅನ್ನ.

ಮಳೆಗೆಂದು ನಮ್ಮ ತಾರಸಿಯ ಮೇಲೆ ನಾನು ಕಟ್ಟಿಸಿದ ನೀಲಿ ಪ್ಲಾಸ್ಟಿಕ್ ಟರ್ಪಾಲು ಬೇಸಗೆಯಲ್ಲೂ ಹಾಗೆಯೇ ಇತ್ತು. ಸೋಮಾರಿತನ, ಅದಕ್ಕೆ ಅನುಕೂಲ ಎಂದು ಹೆಸರಿಟ್ಟುಕೊಂಡ ದೊಡ್ಡ ಮನುಷ್ಯ ನಾನು. ಬಿಸಿಲಿಗೆ ಅದು ಎಳೆಎಳೆಯಾಗಿ ಉದುರತೊಡಗಿತು.

"ಅಣ್ಣ, ನಿಮ್ಮ ಟರ್ಪಾಲು ಪುಡಿ ಆಗ್ತಾ ಉಂಟು. ಒಮ್ಮೆ ಬಿಚ್ಚಿಸಿ ಆಯ್ತಾ?" ಎಂದರು ಅಕ್ಕ.

"ಗಾಳಿಯನ್ನು ನಾನು ಕಟ್ಟಿ ಹಾಕ್ಲಿಕ್ಕುಂಟಾ? ನಿಮ್ಮ ಹಪ್ಪಳಕ್ಕೆ ಸೊಳ್ಳೆಪರದೆ ಕಟ್ಟಿ."

"ಹಪ್ಪಳಕ್ಕೆ ಕಟ್ಟುವ. ನಿಮ್ಮ ಮೂಗಿಗೆ ಯಾರು ಕಟ್ತಾರೆ?"

ಇದನ್ನು ಅಂಗಡಿ ಜಗಲಿಯಲ್ಲಿ ಹೇಳಿ ನಕ್ಕೆ. ಜೊತೆಗೆ ನಕ್ಕವರೂ ನನ್ನಷ್ಟೇ ಮೂರ್ಖರು.

ಆ ವಾರವೇ ದಿನಸಿ ಅಂಗಡಿಯವರು ಹಪ್ಪಳದ ಕಟ್ಟುಗಳನ್ನು ಅವರ ತಾರಸಿಗೇ ಹಿಂದೆ ತಂದರು; ನಾನು ಈಚೆ ನಮ್ಮ ತಾರಸಿಯಲ್ಲಿದ್ದೆ. "ಅಕ್ಕ, ಇದರಲ್ಲಿ ನೀಲಿ ಕೂದಲಿನ ಹಾಗೆ ಎಂತದೋ ಉಂಟು ಮಾರಾಯ್ರೆ. ಗಿರಾಕಿಗಳು ಬೈತಾರೆ."

ಅಕ್ಕ ನೋಡಿ ಆರಿಸಿದ ಮೇಲೂ ಉಳಿದ ಸಣ್ಣ ಎಳೆಗಳು. ಅವರು ನನ್ನ ಟರ್ಪಾಲಿನತ್ತ ಕೈ ತೋರಿಸಿದರು. ಅಂದು ಬೆಳಿಗ್ಗೆ ಸ್ಕೂಟರಿನ ಸೀಟಿನಿಂದ ಅದೇ ನೀಲಿ ಪುಡಿಯನ್ನು ಒರೆಸಿದ್ದೆ. ಆದರೂ, "ಅದು ಅವರ ನೈಲಾನ್ ಸೀರೆಯ ನೂಲು" ಎಂದೆ. ಅವರು ಉಟ್ಟದ್ದೂ ನೀಲಿಯೇ. ಅಂಗಡಿಯವರು ನಂಬಿ ಹೋದರು. ಮತ್ತೆ ಯಾವ ಅಂಗಡಿಯೂ ಅವರ ಹಪ್ಪಳ ಕೊಳ್ಳಲಿಲ್ಲ.

ಅಕ್ಕ ಜಗಳವಾಡಲಿಲ್ಲ. ಅಂಗಡಿಯವರು ಹೋದ ಮೇಲೆ ನನ್ನನ್ನೇ ನೋಡಿ, "ನಿಮ್ಮ ತಲೆಕೂದಲಲ್ಲೂ ಉಂಟು ಅಣ್ಣ. ಅದೂ ನನ್ನ ಸೀರೆಯದ್ದಾ?" ಎಂದರು.

ಬಿಚ್ಚಿದರೆ ತಪ್ಪು ಒಪ್ಪಿಕೊಂಡ ಹಾಗಾಗುತ್ತದೆ ಎಂದು ಟರ್ಪಾಲನ್ನು ಮುಂದಿನ ಬೇಸಗೆಗೂ ಬಿಟ್ಟೆ. ಆ ವರ್ಷ ಅವರು ತಾರಸಿಯಲ್ಲಿ ಹಪ್ಪಳದ ಚಾಪೆ ಹಾಸಲಿಲ್ಲ. ಒಳಗೆ ಕುಳಿತು ಬೀಡಿ ಕಟ್ಟಿದರು. ಮಳೆ ಹಿಡಿಯುವ ಮೊದಲೇ ತೀರಿಕೊಂಡರು.

ಈಗ ಪೇಟೆಯ ಗಾಳಿಯಲ್ಲಿ ಮೈಕ್ರೋಪ್ಲಾಸ್ಟಿಕ್ ಎಂಬ ಪ್ಲಾಸ್ಟಿಕ್ ಪುಡಿ ಉಂಟೆಂದು ಪತ್ರಿಕೆಯಲ್ಲಿ ಬರುತ್ತದೆ. ಹತ್ತನೆಯ ತರಗತಿ ಪಾಸಾದ ನಾನು ಜಗಲಿಯಲ್ಲಿ ಓದಿ ಹೇಳುತ್ತೇನೆ; ಅಂದು ನಕ್ಕವರೇ ಇಂದು ಸರ್ಕಾರವನ್ನು ಬೈಯುತ್ತಾರೆ. ನಾಲ್ಕು ಕ್ಲಾಸು ಓದಿದ ಅಕ್ಕ ಅದನ್ನು ಹಪ್ಪಳದಲ್ಲಿ ಮೊದಲೇ ಕಂಡಿದ್ದರು, ನಾನು ಸುಳ್ಳು ಹೇಳಿ ಅವರ ಅನ್ನ ಕಳೆದೆ ಎನ್ನಲು ಮಾತ್ರ ಬಾಯಿ ಬಂದಿಲ್ಲ. ಹೇಡಿ, ಕಾಗದದ ಮೇಲೆ ಹೇಳುತ್ತಿದ್ದೇನೆ.

ಆಗ, ಅವರ ಸಾವಿನ ಕ್ರಿಯೆ ಬೊಜ್ಜದ ಮರುದಿನ, ಟರ್ಪಾಲು ಬಿಚ್ಚಲು ತಾರಸಿಗೆ ಹತ್ತಿದೆ. ಮಡಚಲು ಬರಲಿಲ್ಲ. ಕೈಯಲ್ಲೇ ಪುಡಿಯಾಗಿ, ಗಾಳಿಗೆ ಎದ್ದು, ಅವರ ಖಾಲಿ ತಾರಸಿಯ ಮೇಲೆ ಹೋಗಿ ಬಿತ್ತು.