ಕೊನೆ ಗದ್ದೆಯಿಂದ ಶುರು

ಮೊನ್ನೆ ಮದ್ದೂರಿನಿಂದ ಮಳವಳ್ಳಿಗೆ ಬರುವಾಗ ಬಸ್ಸಿನಲ್ಲಿ ಯಾರೋ ಒದ್ದೆ ಗುದ್ದಲಿಯನ್ನು ನನ್ನ ಸೀಟಿನ ಕೆಳಗೆ ತೂರಿಸಿದರು. ನಾಲೆಯ ಕೆಸರು ನನ್ನ ಹೊಸ ಚಪ್ಪಲಿಗೆ ಮೆತ್ತಿಕೊಂಡಿತು. ಬಯ್ಯಲು ಬಾಯಿ ತೆರೆದೆ. ಅಷ್ಟರಲ್ಲಿ ಆ ಕೆಸರಿನ ವಾಸನೆ ಮೂಗಿಗೆ ಬಡಿದು ನಗು ಬಂತು. ನಮ್ಮೂರ ನೀರುಗಂಟಿ ಮಾವ ನನ್ನ ಅಂಗಡಿಗೆ ಬಂದಾಗಲೆಲ್ಲ ಇದೇ ವಾಸನೆ...

ನಾಲೆಯ ತೂಬು ಎತ್ತಿ, ಸರದಿ ಪ್ರಕಾರ ಗದ್ದೆಗದ್ದೆಗೂ ನೀರು ಹಾಯಿಸುವುದು ಅವರ ಕೆಲಸ. ನನ್ನದು ಮಳವಳ್ಳಿಯಲ್ಲಿ ಟೈಪಿಂಗ್, ಜೆರಾಕ್ಸ್ ಅಂಗಡಿ. ಒಂದಿಷ್ಟು ಪ್ರೋಗ್ರಾಮಿಂಗ್ ಕಲಿತ ಹುಮ್ಮಸ್ಸಿನಲ್ಲಿ ನೀರಿನ ಸರದಿಗೆಂದು ಒಂದು ಆಪ್ ಮಾಡಿಕೊಟ್ಟಿದ್ದೆ. ಸರದಿ ಬಂದವರ ಫೋನು ಗಂಟೆ ಹೊಡೆಯುತ್ತಿತ್ತು. ಮೇಲಿನ ಬಟನ್ ‘ನೀರು ಬಿಡಿ’, ಕೆಳಗಿನದು ‘ಈ ಸಲ ಬೇಡ’. ಯಾರು ಏನು ಒತ್ತಿದರೆಂದು ಮಾವನ ಫೋನಿಗೆ ಹೋಗುತ್ತಿತ್ತು. ಅಷ್ಟೇ. ಊರೆಲ್ಲ ಹೊಗಳಿತು, ನಾನು ಒಂದು ಗೇಣು ಎತ್ತರ ಬೆಳೆದೆ.

ಆಮೇಲೆ ಶುರುವಾಯಿತು ನೋಡಿ. ಅಕ್ಷರ ದೊಡ್ಡದಾಗಲಿ ಅಂದರು ಒಬ್ಬರು. ಮಾಡಿದೆ. ಎಲ್ಲರ ಹೆಸರೂ ಒಟ್ಟಿಗೆ ಕಾಣುತ್ತಿಲ್ಲ, ಚಿಕ್ಕದು ಮಾಡಿ ಅಂದರು ಇನ್ನೊಬ್ಬರು. ಗಂಟೆ ಕೇಳಿಸದು ಅಂದರೆಂದು ಜೋರು ಮಾಡಿದೆ. ಹಾಲು ಕರೆಯುವಾಗ ಅದು ಬಡಿದುಕೊಂಡು ಹಸು ಒದೆಯಿತೆಂದು ಮತ್ತೊಬ್ಬರು ಜಗಳಕ್ಕೇ ಬಂದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ನನಗೆ ಮೂಗಿನ ತುದಿಯಲ್ಲೇ ಕೋಪ. ಆದರೆ ಒಳ್ಳೆಯವಳು ಅನ್ನಿಸಿಕೊಳ್ಳುವ ಚಪಲ ಅದಕ್ಕಿಂತ ದೊಡ್ಡದು. ಹೇಳಿದ್ದನ್ನೆಲ್ಲ ಮಾಡುತ್ತ ಹೋದೆ.

ಎಲ್ಲರಿಗಿಂತ ಜೋರಾಗಿ ದೂರುತ್ತಿದ್ದವರು ನಾಲೆಯ ಬಾಯಲ್ಲೇ ಗದ್ದೆಯಿದ್ದ ಗೌಡರು. ಅವರಿಗೆ ನೀರು ಯಾವಾಗಲೂ ಹೆಚ್ಚೇ. ‘ಈ ಸಲ ಬೇಡ’ ಅನ್ನುವುದನ್ನು ಮೇಲಕ್ಕೆ ತನ್ನಿ ಎಂದು ದಿನಕ್ಕೆ ಮೂರು ಸಲ ಫೋನು. ಕಾಟ ತಡೆಯಲಾರದೆ ಎರಡು ಬಟನ್‌ಗಳನ್ನೂ ಅದಲುಬದಲು ಮಾಡಿ, ಎಲ್ಲರ ಫೋನಿಗೂ ಕಳಿಸಿ, ನೆಮ್ಮದಿಯಾಗಿ ಮುದ್ದೆ ಉಂಡೆ.

ಮಾರನೆಯ ಬೆಳಗ್ಗೆ ಮಾವನ ಸೈಕಲ್ಲು ಅಂಗಡಿ ಮುಂದೆ ನಿಂತಿತು.

"ಕೊನೆ ಗದ್ದೆಯೋಳು ನೀರು ಬ್ಯಾಡ ಅಂತ ಒತ್ತವ್ಳೆ. ಒಟ್ಲು ಆಕವ್ಳೆ ಕಣವ್ವ, ಬ್ಯಾಡ ಅಂತಾಳಾ?"

"ಅವರೇ ಒತ್ತಿದ್ದಾರಲ್ಲ," ಅಂದೆ, ಬಿರುಸಾಗಿಯೇ.

"ಬಾ, ತೋರುಸ್ತೀನಿ."

ಕೊನೆ ಗದ್ದೆಯ ಹೆಂಗಸು ಒಬ್ಬರೇ ಬೇಸಾಯ ಮಾಡುತ್ತಿದ್ದವರು. ನಾಟಿಗೆಂದು ಒಟ್ಲಲ್ಲಿ ಬೆಳೆಸಿದ ಭತ್ತದ ಸಸಿಯ ತುದಿ ಆಗಲೇ ಹಳದಿಗಟ್ಟಿತ್ತು. ಆ ಸರದಿ ತಪ್ಪಿದ್ದರೆ ಸಸಿ ಸುಟ್ಟುಹೋಗಿ ಆ ವರ್ಷ ನಾಟಿಯೇ ಇರುತ್ತಿರಲಿಲ್ಲ. ಮಾವ ಆಕೆಗೆ, ನೀರು ಬೇಕು ಅಂತ ಒತ್ತಿ ತೋರಿಸು ಅಂದರು. ಆಕೆ ಕೆಸರುಗೈಯನ್ನು ಸೀರೆಗೆ ಒರೆಸಿ, ಓದುವ ಗೋಜಿಗೇ ಹೋಗದೆ ಹೆಬ್ಬೆರಳನ್ನು ಮೇಲಿನ ಬಟನ್ ಮೇಲಿಟ್ಟರು. ಓದು ಬಾರದ ಆಕೆ ಬಟನ್ ಗುರುತಿಟ್ಟಿದ್ದು ಅದಿದ್ದ ಜಾಗದಿಂದ. ನಾಚಿಕೆಯಿಂದ ಕುಗ್ಗಿಹೋದೆ.

"ಮನೆ ಬಾಗ್ಲ ಕಿತ್ತು ಇತ್ಲ ಕಡೆ ಮಡಗ್ಬುಟ್ರೆ, ಬಂದೋರು ಗೋಡೆ ಗುದ್ಕೋಬೇಕಾ?" ಎಂದರು ಮಾವ.

ಆದರೆ ಅವರು ಫೋನು ನಂಬದೆ ಮೊದಲೇ ಬಂದು ಆಕೆಯನ್ನು ಕೇಳಿ, ತೂಬು ಎತ್ತಿಯೇ ನನ್ನ ಹತ್ತಿರ ಬಂದಿದ್ದರಂತೆ. ನಾವು ಮಾತಾಡುತ್ತಿರುವಾಗಲೇ ನೀರು ಗುಳುಗುಳು ಎನ್ನುತ್ತ ಸಸಿಗೆ ಇಳಿಯಿತು. ಆಕೆ ನಕ್ಕರು. ಹರಿದು ಬಂದ ನೀರಲ್ಲಿ ಪಾದ ನೆನೆಸಿಕೊಂಡು ನಾನೂ ನಕ್ಕೆ.

ಅವತ್ತು ಮಾವ ಬದುವಿನ ಮೇಲೆ ಕೂತು ತಮ್ಮ ಕಸುಬು ಹೇಳಿಕೊಟ್ಟರು. "ಕೂಗೋರೆಲ್ಲ ಮುಂದ್ಗಡೆಯೋರು. ಕೊನೇಲಿರೋರ ಕೂಗು ಕೇಳ್ಸಾಕಿಲ್ಲ. ಅದ್ಕೇ ನಾನು ಕೊನೆ ಗದ್ದೆಯಿಂದ ನೀರು ಕಟ್ಕೊಂಡು ಬತ್ತೀನಿ. ನೀನೂ ಅಂಗೇ ಮಾಡು."

ಅವತ್ತೇ ಬಟನ್‌ಗಳನ್ನು ಮೊದಲಿನ ಜಾಗಕ್ಕೆ ತಂದೆ. ಅಂದಿನಿಂದ ಯಾವ ಬದಲಾವಣೆಯಾದರೂ ಮೊದಲು ಹೋಗುತ್ತಿದ್ದುದು ಆಕೆಯ ಫೋನಿಗೆ. ಗೌಡರಿಗೆ ಕಟ್ಟಕಡೆಗೆ. ಅವರು ಕೂಗಾಡಿದರೆ ಮಾವನೇ, "ನಿಮ್ಗೇನ್ ಗೌಡ್ರೆ, ಆಪು ಕೆಟ್ರೂ ನೀರು ಬತ್ತದೆ, ಬುಡಿ!" ಅನ್ನುತ್ತಿದ್ದರು. ಮಾವ, ಆಕೆ, ನಾನು ಮೂವರೂ ಹುರಿಗಾಳು ಅಗಿಯುತ್ತ ಹೊಸ ಬಟನ್ ಒತ್ತಿ ನೋಡುತ್ತಿದ್ದ ಆ ಬೆಳಗುಗಳು... ಅಷ್ಟು ನಗುತ್ತ ನಾನು ಬೇರೆ ಯಾವ ಕೆಲಸವನ್ನೂ ಮಾಡಿಲ್ಲ. ಚೆನ್ನಾಗಿದೆ ಅಂತ ಮಾವ ಒಮ್ಮೆಯೂ ಹೇಳಿದವರಲ್ಲ. "ಇದೊಂದು ಸರಿಗಿಲ್ಲ ಕಣವ್ವ" ಅನ್ನಲಿಕ್ಕೇ ಬರುತ್ತಿದ್ದರು.

ಹೋದ ವರ್ಷ, ನಾಲೆಗೆ ನೀರು ಬರಲು ವಾರವಿದೆ ಅನ್ನುವಾಗ ಅವರು ತೀರಿಕೊಂಡರು. ಈಗ ಸುತ್ತಲ ಹಳ್ಳಿಗಳವರೂ ಆಪ್ ಹಾಕಿಕೊಂಡಿದ್ದಾರೆ. ತುಂಬಾ ಚೆನ್ನಾಗಿದೆ ಮೇಡಂ ಎಂದು ಸಂದೇಶಗಳು ಬರುತ್ತವೆ. ಸುಳ್ಳೇಕೆ, ಓದಿ ಖುಷಿಯಾಗುತ್ತದೆ. ಆದರೆ ಯಾವ ಹಳ್ಳಿಯ ಕೊನೆ ಗದ್ದೆಯಲ್ಲಿ ಯಾರು ಗೊತ್ತಿಲ್ಲದೆ ಬೇಡ ಅಂತ ಒತ್ತುತ್ತಿದ್ದಾರೋ. ಅದನ್ನು ನಂಬದೆ, ಸೈಕಲ್ಲು ತುಳಿದುಕೊಂಡು ಹೋಗಿ ಕೇಳಿ ಬರಲು ಮಾವ ಇಲ್ಲ.